ಗುಡಿಸಲಿಗೆ ಹಕ್ಕು ಕೊಟ್ಟ ದೇವರಾಜ ಅರಸು

ದಿ. ಡಿ. ದೇವರಾಜ ಅರಸು ಅವರು 1915ರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಬಿ.ಎಸ್ಸಿ. ಓದಿಯೂ ಊರಿಗೆ ಬಂದು ಬೇಸಾಯ ಹಿಡಿದವರು. 1972ರಲ್ಲಿ ಮುಖ್ಯಮಂತ್ರಿಗಳಾದರು.

ಉಳುವವನಿಗೆ ಭೂಮಿ ಕೊಡಿಸಿದ್ದು ಎಲ್ಲರಿಗೂ ಗೊತ್ತು. ಗೇಣಿಯೂ ಇಲ್ಲದ ಕೂಲಿಯವನ ಗತಿ ಏನು? ಅವನ ಗುಡಿಸಲು ಇದ್ದದ್ದು ಧಣಿಯ ಜಮೀನಿನಲ್ಲಿ. ಮಾತಿಗೆ ಮಾತು ಬೆಳೆದರೆ ರಾತ್ರೋರಾತ್ರಿ ಎತ್ತಂಗಡಿ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಆ ಗುಡಿಸಲಿನ ಜಾಗಕ್ಕೂ ಅವನು ಹಕ್ಕು ಕೇಳುವಂತಾಯಿತು. ಜೊತೆಗೆ ಜಾಗವಿಲ್ಲದವರಿಗೆ ಉಚಿತ ನಿವೇಶನ, ಸರ್ಕಾರದ ನೆರವಿನ ಜನತಾ ಮನೆ ಬಂದವು. ಮನೆ ಸಣ್ಣದು, ಎಮ್ಮೆ ಕಟ್ಟೋಕೆ ಜಾಗ ಇಲ್ಲ ಅಂತ ಗೊಣಗಿದವರೂ ಉಂಟು, ಸುಳ್ಳಲ್ಲ. ಆದರೆ ಹಕ್ಕುಪತ್ರ ಕೈಗೆ ಬಂದವನನ್ನು ಜಾಗ ಬಿಟ್ಟು ಏಳು ಅನ್ನೋದು ಸುಲಭವಾಗಿ ಉಳಿಯಲಿಲ್ಲ.

ಅರಸು ಅವರು 1982ರಲ್ಲಿ ತೀರಿಕೊಂಡರು. ಮುಂದೆ ಅವರ ಹೆಸರಿನಲ್ಲೇ ಬಂದ ವಸತಿ ಯೋಜನೆಯಲ್ಲಿ ವಿಧವೆಯರು, ಅಂಗವಿಕಲರಿಗೆ ಮನೆಗಳು ಸಿಕ್ಕವು.