ಹಲವು ಹೆಸರು, ಒಂದೇ ಬ್ಯಾಂಡ್: ಡ್ಯೂಕ್ ಎಲಿಂಗ್ಟನ್‌ನ ಮೊದಲ ರೆಕಾರ್ಡುಗಳು ಹೇಳುವ ಕತೆ

1920ರ ದಶಕದ ಕೊನೆಗೆ ಅಮೆರಿಕದ ರೆಕಾರ್ಡ್ ಅಂಗಡಿಗಳಲ್ಲಿ ಒಂದು ಕಂಪನಿಯ ಪ್ಲೇಟಿನ ಮೇಲೆ 'ದಿ ಜಂಗಲ್ ಬ್ಯಾಂಡ್' ಅಂತ ಹೆಸರಿರುತ್ತಿತ್ತು. ಇನ್ನೊಂದು ಕಂಪನಿಯದ್ದರ ಮೇಲೆ 'ಹಾರ್ಲೆಮ್ ಫುಟ್‌ವಾರ್ಮರ್ಸ್', ಮತ್ತೊಂದರ ಮೇಲೆ 'ದಿ ವಾಷಿಂಗ್ಟೋನಿಯನ್ಸ್', ಮಗದೊಂದರ ಮೇಲೆ 'ಮಿಲ್ಸ್ ಟೆನ್ ಬ್ಲ್ಯಾಕ್ ಬೆರೀಸ್'. ನಾಲ್ಕು ಬೇರೆ ಬೇರೆ ಬ್ಯಾಂಡುಗಳು ಅನ್ನಿಸುತ್ತಿತ್ತು. ಆದರೆ ಪ್ಲೇಟಿನೊಳಗೆ ನುಡಿಸುತ್ತಿದ್ದದ್ದು ಹೆಚ್ಚುಕಡಿಮೆ ಅದೇ ಹತ್ತು ಹನ್ನೆರಡು ಜನ. ಪಿಯಾನೊ ಮುಂದೆ ಕೂತವನು ಒಬ್ಬನೇ: ಎಡ್ವರ್ಡ್ ಕೆನಡಿ ಎಲಿಂಗ್ಟನ್, ಜಗತ್ತು ಡ್ಯೂಕ್ ಅಂತ ಕರೆದವನು.

ಇದರ ಹಿಂದೆ ವ್ಯಾಪಾರದ ಲೆಕ್ಕಾಚಾರ ಇತ್ತು. ಒಂದೇ ಬ್ಯಾಂಡಿನ ಸಂಗೀತವನ್ನು ಹಲವು ಕಂಪನಿಗಳಿಗೆ ಮಾರಬೇಕು ಅಂದರೆ ಹೆಸರು ಬದಲಾಗಬೇಕು, ಅಷ್ಟೇ. ಆದರೆ ಆ ದಶಕದ ರೆಕಾರ್ಡುಗಳನ್ನು ಕೇಳುತ್ತಾ ಹೋದಂತೆ ನನಗೆ ಹೆಸರಿನ ಪ್ರಶ್ನೆಯೇ ಇಡೀ ಕತೆ ಅನ್ನಿಸತೊಡಗಿತು. ಯಾರು ಕಟ್ಟಿದ್ದು, ಯಾರ ಹೆಸರಲ್ಲಿ ಹೋಯಿತು, ದುಡ್ಡು ಯಾರ ಜೇಬಿಗೆ ಬಿತ್ತು? ಈ ಪ್ರಶ್ನೆಯಲ್ಲಿ ಎಲಿಂಗ್ಟನ್ ನೊಂದವನೂ ಹೌದು, ನೋಯಿಸಿದವನೂ ಹೌದು.

ಬಟ್ಲರ್ ಮಗ

ಎಲಿಂಗ್ಟನ್ ಹುಟ್ಟಿದ್ದು 1899ರ ಏಪ್ರಿಲ್ 29ರಂದು, ವಾಷಿಂಗ್ಟನ್ ಡಿ.ಸಿ.ಯಲ್ಲಿ. ಅಪ್ಪ ಜೇಮ್ಸ್ ಒಬ್ಬ ವೈದ್ಯರ ಮನೆಯಲ್ಲಿ ಬಟ್ಲರ್ ಆಗಿದ್ದವರು. ಅಮ್ಮ ಡೈಸಿ ಪಿಯಾನೊ ನುಡಿಸುತ್ತಿದ್ದರು. ಮನೆಯಲ್ಲಿ ದುಡ್ಡು ಕಡಿಮೆ, ಸ್ವಾಭಿಮಾನ ಜಾಸ್ತಿ. ಬಿಳಿಯರ ನಗರದೊಳಗೇ ಕಪ್ಪು ಜನ ತಮ್ಮದೇ ಶಾಲೆ, ಚರ್ಚು, ನಾಟಕಶಾಲೆ ಕಟ್ಟಿಕೊಂಡಿದ್ದ ಊರು ಅದು. ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು, ಯಾವ ಬಟ್ಟೆ ತೊಡಬೇಕು ಅನ್ನೋದು ಅಲ್ಲಿ ಶೋಕಿಯ ವಿಷಯ ಆಗಿರಲಿಲ್ಲ. ಅವಮಾನದ ವಿರುದ್ಧ ಕೈಯಲ್ಲಿದ್ದ ಆಯುಧ ಅದಾಗಿತ್ತು. ಡ್ಯೂಕ್ ಅನ್ನುವ ಅಡ್ಡಹೆಸರು ಹುಡುಗನಿಗೆ ಅಂಟಿಕೊಂಡಿದ್ದು ಈ ಠೀವಿಯಿಂದಲೇ.

ಚಿತ್ರಕಲೆಯಲ್ಲಿ ಒಳ್ಳೆಯ ಕೈ ಇತ್ತು. ಬೋರ್ಡ್ ಬರೆಯುವ ಕೆಲಸವನ್ನೂ ಮಾಡಿದ. ಆದರೆ ರಾತ್ರಿ ಹೊತ್ತು ಪಾರ್ಟಿಗಳಲ್ಲಿ ಪಿಯಾನೊ ನುಡಿಸಿದರೆ ಹೆಚ್ಚು ಕಾಸು ಸಿಗುತ್ತಿತ್ತು. 1923ರಲ್ಲಿ ಗೆಳೆಯರ ಜೊತೆ ನ್ಯೂಯಾರ್ಕಿಗೆ ಬಂದ. ವಾಷಿಂಗ್ಟೋನಿಯನ್ಸ್ ಎಂಬ ಆ ಪುಟ್ಟ ಬ್ಯಾಂಡಿಗೆ ಆಗ ಎಲ್ಮರ್ ಸ್ನೋಡನ್ ನಾಯಕ. ಹಣದ ಜಗಳದಲ್ಲಿ ಸ್ನೋಡನ್ ಹೊರಬಿದ್ದ ಮೇಲೆ ನಾಯಕತ್ವ ಎಲಿಂಗ್ಟನ್ ಕೈಗೆ ಬಂತು.

1924ರ ನವೆಂಬರಿನಲ್ಲಿ ಬ್ಲೂ-ಡಿಸ್ಕ್ ಎಂಬ ಚಿಕ್ಕ ಕಂಪನಿಗೆ ಈ ಬ್ಯಾಂಡ್ 'ಚೂ ಚೂ' ಮತ್ತು 'ರೇನಿ ನೈಟ್ಸ್' ನುಡಿಸಿತು. ಕೇಳಿ ನೋಡಿ, ನಿರಾಸೆಯಾಗುತ್ತದೆ. ಡಬ್ಬದೊಳಗಿಂದ ಬಂದಂಥ ಶಬ್ದ, ಆ ಕಾಲದ ಯಾವ ಡ್ಯಾನ್ಸ್ ಬ್ಯಾಂಡ್ ಬೇಕಾದರೂ ನುಡಿಸಬಹುದಾಗಿದ್ದ ಸಂಗೀತ. ಶಬ್ದದ ತಪ್ಪು ಬ್ಯಾಂಡಿನದ್ದಲ್ಲ. ಆಗಿನ್ನೂ ಮೈಕ್ ಬಂದಿರಲಿಲ್ಲ. ವಾದಕರು ಒಂದು ದೊಡ್ಡ ಕೊಳವೆಯ ಬಾಯಿ ಮುಂದೆ ಗುಂಪುಗೂಡಿ ನುಡಿಸಬೇಕು, ಆ ಗಾಳಿಯ ಒತ್ತಡವೇ ಸೂಜಿಯನ್ನು ಅಲುಗಾಡಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೆಲುದನಿಗಳು, ತೀರಾ ತಗ್ಗಿನ ಸ್ವರಗಳು ಅಲ್ಲೇ ಸತ್ತುಹೋಗುತ್ತಿದ್ದವು. 1925ರಿಂದ ದೊಡ್ಡ ಕಂಪನಿಗಳು ವಿದ್ಯುತ್ ಮೈಕ್ರೋಫೋನಿಗೆ ಬದಲಾದವು. ಎಲಿಂಗ್ಟನ್ ತನ್ನ ದನಿ ಹುಡುಕಿಕೊಂಡಿದ್ದೂ ಅದರ ಬೆನ್ನಿಗೇ.

ರಬ್ಬರ್ ಬಟ್ಟಲು ಹಿಡಿದ ಹುಡುಗ

ಆ ದನಿ ಬಂದಿದ್ದು ಪಿಯಾನೊದಿಂದಲ್ಲ, ಬಬರ್ ಮೈಲಿ ಎಂಬ ಹುಡುಗನ ಟ್ರಂಪೆಟಿನಿಂದ. ಕಟ್ಟಿಕೊಂಡ ಸಿಂಕನ್ನು ಬಿಡಿಸಲು ಬಳಸುತ್ತೇವಲ್ಲ, ಆ ರಬ್ಬರ್ ಬಟ್ಟಲನ್ನು ಟ್ರಂಪೆಟ್ ಬಾಯಿಗೆ ಹಿಡಿದು, ತೆರೆದು ಮುಚ್ಚಿ, ಗಂಟಲಿನಿಂದ ಗುರುಗುಟ್ಟುತ್ತಾ ನುಡಿಸುತ್ತಿದ್ದ. ವಾದ್ಯ ಮನುಷ್ಯರ ಹಾಗೆ ಅಳುತ್ತಿತ್ತು, ಬೈಯುತ್ತಿತ್ತು. ಟ್ರೊಂಬೋನಿನಲ್ಲಿ ಅದೇ ಕೆಲಸವನ್ನು ಟ್ರಿಕಿ ಸ್ಯಾಮ್ ನ್ಯಾಂಟನ್ ಮಾಡುತ್ತಿದ್ದ.

ಎಲಿಂಗ್ಟನ್ ಮಾಡಿದ್ದೇನು ಹಾಗಾದರೆ? ಆ ಗುರುಗುಟ್ಟುವಿಕೆಯ ಸುತ್ತ ಮನೆ ಕಟ್ಟಿದ. 1926ರ ನವೆಂಬರಿನಲ್ಲಿ ಧ್ವನಿಮುದ್ರಣವಾದ 'ಈಸ್ಟ್ ಸೇಂಟ್ ಲೂಯಿ ಟೂಡಲ್-ಊ' ಕೇಳಿ. ಕೆಳಗೆ ಸ್ಯಾಕ್ಸೋಫೋನುಗಳು ಗಂಭೀರವಾಗಿ, ಹೆಜ್ಜೆ ಎಳೆದ ಹಾಗೆ ಸಾಗುತ್ತವೆ. ಮೇಲೆ ಮೈಲಿ ತನ್ನ ಕತೆ ಹೇಳುತ್ತಾನೆ. ಮರುವರ್ಷದ 'ಬ್ಲ್ಯಾಕ್ ಅಂಡ್ ಟ್ಯಾನ್ ಫ್ಯಾಂಟಸಿ' ಇನ್ನೂ ಮುಂದೆ ಹೋಗುತ್ತದೆ. ಕಪ್ಪು ಬಿಳಿಯರು ಒಟ್ಟಿಗೆ ಕೂರಬಹುದಾಗಿದ್ದ ಕ್ಲಬ್ಬುಗಳಿಗೆ 'ಬ್ಲ್ಯಾಕ್ ಅಂಡ್ ಟ್ಯಾನ್' ಅನ್ನುತ್ತಿದ್ದರು. ಆ ಹೆಸರಿನ ಈ ರಚನೆ ಮುಗಿಯುವುದು ಶೋಪಾನ್‌ನ ಶವಯಾತ್ರೆಯ ಸ್ವರಗಳ ಮೇಲೆ. ಒಂದೂ ಮಾತಿಲ್ಲ, ಹಾಡಿಲ್ಲ. ಬೆರೆತು ಬಾಳುವ ಕನಸಿನ ಬಗ್ಗೆ ಆತನಿಗೇನು ಅನ್ನಿಸಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ನುಡಿಸಬಹುದು, ಕೂರುವಂತಿಲ್ಲ

1927ರ ಡಿಸೆಂಬರ್ 4ರಂದು ಬ್ಯಾಂಡ್ ಹಾರ್ಲೆಮಿನ ಕಾಟನ್ ಕ್ಲಬ್ ಸೇರಿತು. ಮಾಲೀಕ ಓನಿ ಮ್ಯಾಡನ್ ಒಬ್ಬ ಗ್ಯಾಂಗ್‌ಸ್ಟರ್. ಮದ್ಯನಿಷೇಧದ ಕಾಲ, ಅವನ ಮದ್ಯ ಅಲ್ಲಿ ಹರಿಯುತ್ತಿತ್ತು. ಕ್ಲಬ್ ಇದ್ದದ್ದು ಕಪ್ಪು ಜನರ ಕೇರಿಯ ನಡುವೆ. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮೇಜಿಗೆ ತಂದುಕೊಡುವವರೂ ಕಪ್ಪು ಜನ, ಮೇಜಿನ ಮುಂದೆ ಕೂರುವವರು ಮಾತ್ರ ಬಿಳಿಯರು. ಕುಣಿಯುವ ಹುಡುಗಿಯರಿಗೂ ತೆಳು ಬಣ್ಣ ಇರಬೇಕು ಅನ್ನುವ ನಿಯಮ. ಅಲಂಕಾರ ಗುಲಾಮಗಿರಿ ಕಾಲದ ದಕ್ಷಿಣದ ಬಂಗಲೆಯನ್ನು ನೆನಪಿಸುವಂಥದ್ದು. ಹೆಸರೇ ಹತ್ತಿಯ ಕ್ಲಬ್, ಇನ್ನೇನು ಹೇಳುವುದು.

ಅಲ್ಲಿನ ಗಿರಾಕಿಗಳಿಗೆ 'ಕಾಡು' ಬೇಕಿತ್ತು, ಅದಕ್ಕೇ ಈ ಸಂಗೀತಕ್ಕೆ ಜಂಗಲ್ ಮ್ಯೂಸಿಕ್ ಅಂತ ಬೋರ್ಡ್ ಬಿತ್ತು. ಎಲಿಂಗ್ಟನ್ ಆ ಬೋರ್ಡನ್ನು ಕಿತ್ತೆಸೆಯಲಿಲ್ಲ. ಅದರ ಕೆಳಗೆ ಕೂತು ತನಗೆ ಬೇಕಾದ್ದನ್ನು ಬರೆದ. ಪ್ರತಿ ರಾತ್ರಿ ಪ್ರದರ್ಶನ, ಹೊಸ ಕುಣಿತಕ್ಕೆ ಹೊಸ ಸಂಗೀತ, ಕೈಕೆಳಗೆ ಖಾಯಂ ಸಂಬಳದ ವಾದಕರು. ಆ ಕಾಲದಲ್ಲಿ ಇಂಥ ಪ್ರಯೋಗಶಾಲೆ ಇನ್ಯಾವ ಕಪ್ಪು ಸಂಯೋಜಕನಿಗೆ ಸಿಕ್ಕಿತ್ತು ಹೇಳಿ? ಮೇಲಿಂದ ಸಿಬಿಎಸ್ ರೇಡಿಯೊ ಕ್ಲಬ್ಬಿನಿಂದಲೇ ನೇರ ಪ್ರಸಾರ ಮಾಡುತ್ತಿತ್ತು. ಬಾಗಿಲಿನೊಳಗೆ ಕಾಲಿಡಲಾಗದ ಜನರ ಮನೆಗೂ ಬ್ಯಾಂಡ್ ರೇಡಿಯೊ ಮೂಲಕ ತಲುಪಿತು.

ಇಂಥ ವೇದಿಕೆಯನ್ನು ತಿರಸ್ಕರಿಸಬೇಕಿತ್ತಾ? ನಮ್ಮ ಚರ್ಚೆಗಳಲ್ಲಿ ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವವರು ಬಹಳ. ನನ್ನ ಮಟ್ಟಿಗೆ ಉತ್ತರ ರೆಕಾರ್ಡಿನಲ್ಲೇ ಇದೆ.

1930ರ ಅಕ್ಟೋಬರಿನ 'ಮೂಡ್ ಇಂಡಿಗೊ' ತಗೊಳ್ಳಿ. ರೂಢಿಯಂತೆ ಕ್ಲಾರಿನೆಟ್ ಮೇಲಿನ ಸ್ವರದಲ್ಲಿ, ಟ್ರಂಪೆಟ್ ನಡುವೆ, ಟ್ರೊಂಬೋನ್ ಕೆಳಗೆ ಇರಬೇಕು. ಎಲಿಂಗ್ಟನ್ ಇದನ್ನು ಬುಡಮೇಲು ಮಾಡಿದ. ಕ್ಲಾರಿನೆಟನ್ನು ಅದರ ತಳಕ್ಕೆ ಇಳಿಸಿದ. ಬಾಯಿಗೆ ಮುಚ್ಚಳ ಹಾಕಿದ ಟ್ರೊಂಬೋನನ್ನು ಎತ್ತರಕ್ಕೆ ಏರಿಸಿ ಟ್ರಂಪೆಟಿನ ಪಕ್ಕ ನಿಲ್ಲಿಸಿದ. ನಾನು ಎಲೆಕ್ಟ್ರಾನಿಕ್ಸ್ ಓದಿದವನು, ನನಗಿದು ಬರೀ ಸಂಗೀತದ ವಿಷಯ ಅನ್ನಿಸುವುದಿಲ್ಲ. ಮೂರು ದನಿಗಳ ಉಪಸ್ವರಗಳು ಮೈಕಿನಲ್ಲಿ ಬೆರೆತಾಗ, ಯಾರೂ ನುಡಿಸದ ಇನ್ನೊಂದು ಸ್ವರ ಕೇಳಿದ ಹಾಗಾಗುತ್ತದೆ. ಇತರರಿಗೆ ಅದು ಮೈಕಿನ ದೋಷ. ತಾನು ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡು ಬರೆದೆ ಅಂತ ಎಲಿಂಗ್ಟನ್ ಆಮೇಲೆ ಹೇಳಿಕೊಂಡಿದ್ದಾನೆ. ಕಾಡಿನ ಸಂಗೀತ ಅಂತ ಕರೆಸಿಕೊಂಡವನು ಆ ಕಾಲದ ತೀರಾ ಹೊಸ ಯಂತ್ರವನ್ನು ವಾದ್ಯದ ಹಾಗೆ ಬಳಸುತ್ತಿದ್ದ. ಈ ರೆಕಾರ್ಡ್ ಒಂದು ಕಂಪನಿಯಿಂದ ಹೊರಬಂದದ್ದು ಜಂಗಲ್ ಬ್ಯಾಂಡ್ ಹೆಸರಲ್ಲೇ!

ಕೆಳಗಿನ ಮೆಟ್ಟಿಲು

ಈಗ ಕಹಿ ಭಾಗ. 1926ರಿಂದ ಎಲಿಂಗ್ಟನ್‌ನ ಮ್ಯಾನೇಜರ್ ಆಗಿದ್ದವನು ಇರ್ವಿಂಗ್ ಮಿಲ್ಸ್ ಎಂಬ ಬಿಳಿಯ ಪ್ರಕಾಶಕ. ದೊಡ್ಡ ಕಂಪನಿ, ಕಾಟನ್ ಕ್ಲಬ್, ಸಿನಿಮಾ, ಎಲ್ಲ ಬಾಗಿಲು ತೆರೆಸಿದವನು ಅವನೇ. ಸ್ವಂತ ರಚನೆಗಳನ್ನೇ ರೆಕಾರ್ಡ್ ಮಾಡು ಅಂತ ಒತ್ತಾಯಿಸಿದವನೂ ಅವನೇ. ಅದರ ಬೆಲೆಯಾಗಿ ಗಳಿಕೆಯಲ್ಲಿ ದೊಡ್ಡ ಪಾಲು ಅವನಿಗೆ ಹೋಗುತ್ತಿತ್ತು, ಹತ್ತಾರು ರಚನೆಗಳ ಮೇಲೆ ಅವನ ಹೆಸರೂ ಸೇರಿಕೊಂಡಿತು. ಈ ಸಂಬಂಧ ಮುರಿದದ್ದು 1939ರಲ್ಲಿ.

ಆದರೆ ಎಲಿಂಗ್ಟನ್‌ಗಿಂತ ಕೆಳಗೂ ಒಂದು ಮೆಟ್ಟಿಲು ಇತ್ತು. 'ಮೂಡ್ ಇಂಡಿಗೊ'ದ ಒಂದು ರಾಗವನ್ನು ತಂದವನು ಕ್ಲಾರಿನೆಟ್ ನುಡಿಸುತ್ತಿದ್ದ ಬಾರ್ನಿ ಬಿಗಾರ್ಡ್. ಅವನ ಹೆಸರು ಸೇರಿದ್ದು ಬಹಳ ತಡವಾಗಿ. ಅವನಿಗೂ ಅದು ತನ್ನ ಗುರು, ನ್ಯೂ ಆರ್ಲಿಯನ್ಸಿನ ಲೊರೆಂಜೊ ಟಿಯೊ ಅವರಿಂದ ಬಂದದ್ದು. 1927ರ 'ಕ್ರಿಯೋಲ್ ಲವ್ ಕಾಲ್' ಕಿಂಗ್ ಆಲಿವರ್ 1923ರಲ್ಲಿ ನುಡಿಸಿದ್ದ 'ಕ್ಯಾಂಪ್ ಮೀಟಿಂಗ್ ಬ್ಲೂಸ್' ಮೇಲೆ ನಿಂತದ್ದು. ರೂಡಿ ಜಾಕ್ಸನ್ ಎಂಬ ವಾದಕ ಅದನ್ನು ತನ್ನದೇ ಅಂತ ಬ್ಯಾಂಡಿಗೆ ತಂದಿದ್ದ. ಆಲಿವರ್ ಹಕ್ಕಿಗಾಗಿ ಪ್ರಯತ್ನಿಸಿದರು, ದಕ್ಕಲಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್‌ನ ಗುರು ಅನ್ನಿಸಿಕೊಂಡಿದ್ದ ಆಲಿವರ್ ಕೊನೆಗಾಲದಲ್ಲಿ ಸವಾನಾ ಪಟ್ಟಣದ ಒಂದು ಆಟದ ಹಾಲಿನಲ್ಲಿ ಕಸ ಗುಡಿಸುತ್ತಿದ್ದರು. ತೀರಿಕೊಂಡದ್ದು 1938ರಲ್ಲಿ.

ಬಬರ್ ಮೈಲಿ? 1929ರ ಆರಂಭದಲ್ಲಿ ಬ್ಯಾಂಡ್ ಬಿಟ್ಟ. 1932ರಲ್ಲಿ ಕ್ಷಯಕ್ಕೆ ಬಲಿಯಾದಾಗ ಅವನಿಗೆ 29 ವರ್ಷ.

ಇದನ್ನೆಲ್ಲ ಹೇಳುತ್ತಿರುವುದು ಎಲಿಂಗ್ಟನ್‌ನನ್ನು ಕಳ್ಳ ಅಂತ ಕರೆಯಲಿಕ್ಕಲ್ಲ. ವಾದಕನ ತುಣುಕು ಎರಡು ಸಾಲಿನದ್ದು, ಅದನ್ನು ಮೂರು ನಿಮಿಷದ ಪೂರ್ತಿ ರಚನೆ ಮಾಡುತ್ತಿದ್ದವನು ಆತನೇ. ಆದರೆ ಆ ಎರಡು ಸಾಲಿಲ್ಲದೆ ಮೂರು ನಿಮಿಷವೂ ಇಲ್ಲ. ಸಾಮೂಹಿಕ ದುಡಿಮೆಗೆ ಒಬ್ಬನ ಹೆಸರು ಅಂಟುವ ವ್ಯವಸ್ಥೆ ಕಪ್ಪು ಕಲಾವಿದರನ್ನು ಎರಡು ಸಲ ಸುಲಿಯಿತು: ಮೇಲಿನಿಂದ ಮಿಲ್ಸ್‌ನಂಥವರು, ನಂತರ ಒಳಗಿನಿಂದಲೇ.

ಮುಂದಿನದನ್ನು ಬೇಗ ಹೇಳುತ್ತೇನೆ. 1931ರಲ್ಲಿ 'ಕ್ರಿಯೋಲ್ ರಾಪ್ಸಡಿ'ಗೆ ಪ್ಲೇಟಿನ ಒಂದು ಬದಿ ಸಾಲದೆ ಎರಡೂ ಬದಿ ಬೇಕಾದವು. 1935ರಲ್ಲಿ ಅಮ್ಮ ತೀರಿಕೊಂಡ ದುಃಖದಲ್ಲಿ ಬರೆದ 'ರೆಮಿನಿಸಿಂಗ್ ಇನ್ ಟೆಂಪೊ'ಗೆ ನಾಲ್ಕು ಬದಿ. ಶ್ರೀಮಂತ ಮನೆತನದ ಎಡಪಂಥೀಯ ಬಿಳಿಯ ವಿಮರ್ಶಕ ಜಾನ್ ಹ್ಯಾಮಂಡ್, ಎಲಿಂಗ್ಟನ್ ತನ್ನ ಜನರ ಸಂಕಟಕ್ಕೆ ಬೆನ್ನು ಹಾಕಿದ್ದಾನೆ ಎಂದು ದೂರಿದ. ಅದೇ ಎಲಿಂಗ್ಟನ್, ದಕ್ಷಿಣದ ಹೋಟೆಲುಗಳು ಕಪ್ಪು ಜನರಿಗೆ ಕೋಣೆ ಕೊಡುವುದಿಲ್ಲವೆಂದು ಬ್ಯಾಂಡಿಗೇ ರೈಲು ಬೋಗಿ ಬಾಡಿಗೆಗೆ ಹಿಡಿದು ಪ್ರವಾಸ ಮಾಡಿದವನು. 1943ರಲ್ಲಿ ಕಾರ್ನೆಗಿ ಹಾಲಿನಲ್ಲಿ ಅಮೆರಿಕದ ಕಪ್ಪು ಜನರ ಚರಿತ್ರೆಯನ್ನೇ ಸಂಗೀತವಾಗಿ ನುಡಿಸಿದ. 1965ರಲ್ಲಿ ತೀರ್ಪುಗಾರರು ಆತನಿಗೆ ವಿಶೇಷ ಗೌರವ ಕೊಡಿ ಅಂದಾಗ ಪುಲಿಟ್ಜರ್ ಮಂಡಳಿ ಒಪ್ಪಲಿಲ್ಲ. ಕೊಟ್ಟದ್ದು 1999ರಲ್ಲಿ, ಆತ ಸತ್ತು 25 ವರ್ಷಗಳಾದ ಮೇಲೆ.

ಇವತ್ತು ನಿಮ್ಮ ಮೊಬೈಲಿನಲ್ಲಿ ಹುಡುಕಿದರೆ ಆ ಹಳೆಯ ರೆಕಾರ್ಡುಗಳೆಲ್ಲ ಡ್ಯೂಕ್ ಎಲಿಂಗ್ಟನ್ ಎಂಬ ಒಂದೇ ಹೆಸರಿನ ಕೆಳಗೆ ಸಿಗುತ್ತವೆ. ಅಂದು ಬೇರೆ ಹೆಸರುಗಳ ಹಿಂದೆ ಅಡಗಿದ್ದವನ ಹೆಸರಿನ ಹಿಂದೆ ಇವತ್ತು ಉಳಿದವರು ಅಡಗಿದ್ದಾರೆ. ಒಂದು ಕೆಲಸ ಮಾಡಿ. 'ಬ್ಲ್ಯಾಕ್ ಅಂಡ್ ಟ್ಯಾನ್ ಫ್ಯಾಂಟಸಿ' 1927ರಲ್ಲೇ ಮೂರು ಕಂಪನಿಗಳಿಗೆ ಮೂರು ಸಲ ಧ್ವನಿಮುದ್ರಣವಾಗಿದೆ, ಏಪ್ರಿಲ್, ಅಕ್ಟೋಬರ್ ಮತ್ತು ನವೆಂಬರಿನಲ್ಲಿ. ಮೊದಲೆರಡರಲ್ಲಿ ಮೈಲಿ ಇದ್ದಾನೆ. ಮೂರನೆಯದರಲ್ಲಿ ಅವನ ಜಾಗದಲ್ಲಿ ಜ್ಯಾಬೊ ಸ್ಮಿತ್ ನುಡಿಸಿದ್ದಾನೆ. ಮೂರನ್ನೂ ಒಂದಾದ ಮೇಲೊಂದು ಕೇಳಿ. ಬರೆದದ್ದು ಅದೇ, ಆದರೂ ಮೂರನೆಯದರಲ್ಲಿ ಯಾರೋ ಇಲ್ಲ ಅನ್ನುವುದು ನಿಮಗೇ ಗೊತ್ತಾಗುತ್ತದೆ.