ಕಿಟ್ಟೆಲ್ ಪಾದ್ರಿಗಳ ಜೀವನವೂ ನಮ್ಮ ಮನೆಗಳ ಕ್ರಿಸ್ಮಸ್ ಹಬ್ಬವೂ



ಕ್ರಿಸ್ಮಸ್ ಹಬ್ಬವು ಸಮೀಪಿಸುತ್ತಿರುವ ಈ ದಿವಸಗಳಲ್ಲಿ, ಕನ್ನಡ ನಾಡಿನಲ್ಲಿ ಸುವಾರ್ತೆಯ ಸೇವೆಯನ್ನು ಮಾಡಿ ವಿಶ್ರಾಂತಿಗೆ ಸೇರಿದ ಒಬ್ಬ ದೈವಭಕ್ತರ ಚರಿತ್ರೆಯನ್ನು ನಿಮ್ಮ ಮುಂದೆ ಇಡುವದು ಯುಕ್ತವೆಂದು ನಮಗೆ ತೋರಿತು. ಅವರು ಫೆರ್ಡಿನಾಂಡ್ ಕಿಟ್ಟೆಲ್ ಎಂಬ ಪಾದ್ರಿಗಳು. ಕನ್ನಡ ಬಲ್ಲವರಲ್ಲಿ ಅವರ ಹೆಸರನ್ನು ಕೇಳದವರು ಕಡಿಮೆ. ಯಾಕಂದರೆ ಕಿಟ್ಟೆಲ್ ನಿಘಂಟು ಎಂಬ ದೊಡ್ಡ ಪುಸ್ತಕವು ಇಂದಿಗೂ ವಿದ್ವಾಂಸರ ಕೈಯಲ್ಲಿದೆ. ಆದರೆ ಆ ನಿಘಂಟು ಅಚ್ಚಾಗುವದಕ್ಕೆ 32 ವರುಷ ಮುಂಚೆಯೇ ಅವರು ನಮ್ಮ ಕರ್ತನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹಾಡಾಗಿ ಕಟ್ಟಿದರೆಂಬುದು ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರಿಗೆ ತಿಳಿಯದು. ಹಬ್ಬವನ್ನು ಮನೆಯಲ್ಲಿ ಹೇಗೆ ಆಚರಿಸಬೇಕು, ಅದರ ಅರ್ಥವನ್ನು ಮಕ್ಕಳಿಗೆ ಹೇಗೆ ತಿಳಿಸಬೇಕು ಎಂದು ಯೋಚಿಸುವ ಕುಟುಂಬಗಳಿಗೆ ಈ ಸಂಗತಿಯಿಂದ ದೊಡ್ಡ ಪ್ರಯೋಜನವುಂಟು.

ಕಿಟ್ಟೆಲರು 1832ನೇ ಇಸವಿ ಏಪ್ರಿಲ್ 7ರಂದು ಜರ್ಮನಿ ದೇಶದ ಉತ್ತರ ಭಾಗದಲ್ಲಿ, ಸಮುದ್ರ ತೀರಕ್ಕೆ ಸಮೀಪವಾದ ಪೂರ್ವ ಫ್ರೀಸಿಯಾ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ಅವರ ತಂದೆಯು ಲೂಥರನ ಮತಾನುಸಾರವಾದ ಸಭೆಯ ಪಾದ್ರಿ. ಆದಕಾರಣ ದೇವರ ವಾಕ್ಯವನ್ನೂ ಕುಟುಂಬ ಪ್ರಾರ್ಥನೆಯನ್ನೂ ಅವರು ಬಾಲ್ಯದಲ್ಲಿಯೇ ಕಂಡರು. ಬೆಳೆದ ಮೇಲೆ ಔರಿಖ್ ಎಂಬ ಪಟ್ಟಣದ ಶಾಲೆಯಲ್ಲಿ ಲತೀನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತರು.

ಆ ದೇಶದಲ್ಲಿ ಕ್ರಿಸ್ಮಸ್ಸು ವಿಶೇಷವಾಗಿ ಮನೆಯ ಹಬ್ಬವಾಗಿತ್ತು. ಡಿಸೆಂಬರ್ 24ರ ಸಾಯಂಕಾಲ ಕುಟುಂಬದವರು ಕೂಡಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಓದುವದೂ, ಹಾಡುವದೂ, ಮಕ್ಕಳಿಗೆ ಬಹುಮಾನ ಕೊಡುವದೂ ಅಲ್ಲಿ ರೂಢಿಯಾಗಿತ್ತು. ಕಿಟ್ಟೆಲರು ಏಳು ವರುಷದ ಹುಡುಗನಾಗಿದ್ದಾಗ, ಅಂದರೆ 1839ರಲ್ಲಿ, ಅದೇ ಉತ್ತರ ಜರ್ಮನಿಯ ಹಾಂಬುರ್ಗ್ ಪಟ್ಟಣದಲ್ಲಿ ವಿಖರ್ನ್ ಎಂಬ ಬೋಧಕರು ಬಡ ಮಕ್ಕಳ ಆಶ್ರಮವೊಂದನ್ನು ನಡಿಸುತ್ತಿದ್ದರು. ಹಬ್ಬ ಎಂದು ಬರುವದೆಂದು ಆ ಮಕ್ಕಳು ದಿನದಿನವೂ ಕೇಳುತ್ತಿದ್ದದರಿಂದ ಅವರು ಒಂದು ಹಳೆಯ ಗಾಡಿಯ ಚಕ್ರವನ್ನು ತೆಗೆದುಕೊಂಡು, ಅದರ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿ, ದಿನಕ್ಕೊಂದರಂತೆ ಹೊತ್ತಿಸುತ್ತಾ ಬಂದರು. ಕರ್ತನ ಜನನದ ದಿವಸ ಸಮೀಪಿಸಿದ ಹಾಗೆಲ್ಲಾ ಬೆಳಕು ಹೆಚ್ಚಿತು. ಚಿಕ್ಕ ಮಕ್ಕಳಿಗೂ ಅರ್ಥವಾಯಿತು. ಇಂದು ಅನೇಕ ದೇಶಗಳ ದೇವಾಲಯಗಳಲ್ಲಿ ಆಗಮನಕಾಲದ ನಾಲ್ಕು ಭಾನುವಾರಗಳಲ್ಲಿ ಹೊತ್ತಿಸುವ ದೀಪಗಳಿಗೆ ಮೂಲವು ಇದೇ. ಒಳ್ಳೇ ಆಚಾರವು ಹೀಗೆಯೇ ಹುಟ್ಟುತ್ತದೆ. ಮೊದಲು ತಿಳಿಸಬೇಕಾದ ಅರ್ಥವಿರುತ್ತದೆ. ಆಮೇಲೆ ಮನೆಯಲ್ಲಿ ಸಿಕ್ಕಿದ ಚಕ್ರವೇ ಸಾಕಾಗುತ್ತದೆ.

ಯೌವನದಲ್ಲಿ ಕಿಟ್ಟೆಲರು ಅನ್ಯದೇಶಗಳಲ್ಲಿ ಸುವಾರ್ತೆ ಸಾರುವ ಕೆಲಸಕ್ಕೆ ತನ್ನನ್ನು ಒಪ್ಪಿಸಿಕೊಟ್ಟು, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯದಲ್ಲಿ ಕಲಿತರು. 1815ರಲ್ಲಿ ಸ್ಥಾಪಿತವಾದ ಆ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು, ಕೆಲವು ವರುಷಗಳಲ್ಲಿ ಧಾರವಾಡ ಹುಬ್ಬಳ್ಳಿಗಳಲ್ಲಿಯೂ ಕೆಲಸವನ್ನು ಆರಂಭಿಸಿದ್ದರು. 1853ರಲ್ಲಿ, 21 ವರುಷ ಪ್ರಾಯದಲ್ಲಿ, ಕಿಟ್ಟೆಲರು ಈ ದೇಶಕ್ಕೆ ಬಂದರು.

ಅವರು ಬಂದ ಕಾಲದಲ್ಲಿ ನಮ್ಮ ಸಭೆಗಳಲ್ಲಿ ಹಾಡುಗಳು ಇರಲಿಲ್ಲವೆಂದಲ್ಲ. ಹಿಂದಿನ ಮಿಶನರಿಗಳು ಜರ್ಮನ್ ಭಾಷೆಯ ಕೀರ್ತನೆಗಳನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟಿದ್ದರು. ಅವುಗಳಲ್ಲಿ ಬಹಳ ಭಕ್ತಿಯುಂಟು. ಆದರೆ ಅವುಗಳ ರಾಗವೂ ನಡೆಯೂ ಪರದೇಶದವು. ಕಿಟ್ಟೆಲರು ಧಾರವಾಡದ ಕಡೆಯ ಊರುಗಳಲ್ಲಿ ಸಂಚರಿಸಿ, ಜನರ ಸಂಗಡ ಬೆರೆತು, ಅವರ ಮಾತನ್ನೂ ಗಾದೆಗಳನ್ನೂ ಪದಗಳನ್ನೂ ಕಿವಿಗೊಟ್ಟು ಕೇಳಿದರು. ಈ ನಾಡಿನ ಜನರು ಕಥೆಯನ್ನು ಬರೀ ಮಾತಿನಲ್ಲಿ ಕೇಳುವದಕ್ಕಿಂತ ಹಾಡಿನಲ್ಲಿ ಕೇಳುವದನ್ನು ಬಯಸುತ್ತಾರೆ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ರಾಗವಾಗಿ ಓದಿಸಿ ಕೇಳಿದವರು ನಮ್ಮ ಹಿರಿಯರು. ಅಕ್ಷರ ಬಾರದವರೂ ಅವುಗಳನ್ನು ಬಾಯಲ್ಲಿ ಹೇಳುತ್ತಿದ್ದರು. ಬೀಸುವಾಗ ಹಾಡು, ಕುಟ್ಟುವಾಗ ಹಾಡು, ತೊಟ್ಟಿಲು ತೂಗುವಾಗ ಹಾಡು. ಇಂಥ ಜನರಿಗೆ ರಕ್ಷಕನ ವಾರ್ತೆಯು ಅವರದೇ ಹಾಡಿನಲ್ಲಿ ದೊರೆಯಬೇಕಲ್ಲವೇ?

ಕಿಟ್ಟೆಲರು ಹಳಗನ್ನಡ ಕಾವ್ಯಗಳನ್ನೂ ಛಂದಸ್ಸನ್ನೂ ಕಲಿತರು. 1862ರಲ್ಲಿ ಅವರ ಕಥಾಮಾಲೆ ಎಂಬ ಪುಸ್ತಕವು ಪ್ರಕಟವಾಯಿತು. ಅದರಲ್ಲಿ ಯೇಸು ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಪದ್ಯಗಳ ರೀತಿಯಲ್ಲಿಯೇ ರಚಿಸಿದರು. ಇದನ್ನು ಕುರಿತು ಸ್ವಲ್ಪ ಯೋಚಿಸೋಣ. ಮನೆಯ ಹಬ್ಬದ ಆಚಾರಗಳು ತುಂಬಿದ್ದ ದೇಶದಲ್ಲಿ ಹುಟ್ಟಿದವರು ಅವರು. ತನ್ನ ಊರಿನ ಮರವನ್ನೂ ರಾಗವನ್ನೂ ತಂದು, ಇದೇ ಹಬ್ಬವೆಂದು ನಮ್ಮ ಕೈಗೆ ಕೊಡುವದು ಅವರಿಗೆ ಸುಲಭವಾಗಿತ್ತು. ಆದರೆ ಕನ್ನಡಿಗರ ಛಂದಸ್ಸನ್ನೇ ವರುಷಗಟ್ಟಲೆ ಕಲಿತು, ನಮ್ಮ ಪಾತ್ರೆಯಲ್ಲಿಯೇ ಜೀವಜಲವನ್ನು ತುಂಬಿ ಕೊಡುವದಕ್ಕೆ ಅವರು ಪ್ರಯಾಸಪಟ್ಟರು. ದೇವಕುಮಾರನು ಪರಲೋಕದ ವೈಭವವನ್ನು ಬಿಟ್ಟು ಮನುಷ್ಯರ ರೂಪವನ್ನೂ ಮನುಷ್ಯರ ಭಾಷೆಯನ್ನೂ ಧರಿಸಿಕೊಂಡು ಬಂದದ್ದೇ ಕ್ರಿಸ್ಮಸ್ಸಿನ ಅರ್ಥವಾಗಿರಲಾಗಿ, ಆತನ ದಾಸರೂ ಆ ದಾರಿಯಲ್ಲಿಯೇ ನಡೆದರು.

ಈ ದಾರಿಯು ಅವರಿಗೆ ಸುಖವಾದದ್ದಾಗಿರಲಿಲ್ಲ. ಕಾವ್ಯ ವ್ಯಾಕರಣಗಳಲ್ಲಿ ಇಷ್ಟು ಕಾಲ ಕಳೆಯುವದು ಸುವಾರ್ತಿಕನ ಕೆಲಸವೋ ಎಂಬ ಸಂದೇಹವು ಜೊತೆ ಕೆಲಸದವರಲ್ಲಿಯೂ ಇತ್ತು. ಮನೆಯಲ್ಲಿಯೂ ದುಃಖ ಬಂತು. ಅವರ ಮೊದಲನೆಯ ಹೆಂಡತಿಯಾದ ಪೌಲೀನಳು ಮದುವೆಯಾದ ಕೆಲವೇ ವರುಷಗಳಲ್ಲಿ ತೀರಿಕೊಂಡಳು. ತರುವಾಯ ಆಕೆಯ ತಂಗಿಯಾದ ಜೂಲಿಯನ್ನು ಅವರು ಮದುವೆಯಾದರು. ಇಷ್ಟೆಲ್ಲಾ ಆದರೂ ಕೈಯಿಟ್ಟ ನೇಗಿಲನ್ನು ಅವರು ಬಿಡಲಿಲ್ಲ. ಮಂಗಳೂರು, ಮಡಿಕೇರಿ ಮುಂತಾದ ಸ್ಥಳಗಳಲ್ಲಿ ಸೇವೆಮಾಡುತ್ತಾ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಶುದ್ಧಪಡಿಸಿ ಅಚ್ಚುಹಾಕಿಸಿದರು. ಅನಂತರ ನಿಘಂಟಿನ ಕೆಲಸದಲ್ಲಿ ಅನೇಕ ವರುಷ ದುಡಿದರು. 1892ರಲ್ಲಿ ಅವರು ಕಡೆಯ ಸಾರಿ ಈ ದೇಶವನ್ನು ಬಿಟ್ಟು ಹೋದರು. 1894ರಲ್ಲಿ ಸುಮಾರು 70,000 ಶಬ್ದಗಳುಳ್ಳ ಆ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಪಂಡಿತರ ಮಾತುಗಳು ಮಾತ್ರವೇ ಅಲ್ಲ, ಅಡಿಗೆಮನೆ, ಹೊಲ, ಕೊಟ್ಟಿಗೆಗಳ ಮಾತುಗಳೂ ಹಳ್ಳಿಯ ಗಾದೆಗಳೂ ಗೌರವದಿಂದ ಕೂತಿವೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷ ಡಿಸೆಂಬರ್ 18ರಂದು, ಕ್ರಿಸ್ಮಸ್ಸಿಗೆ ಒಂದು ವಾರವಿರುವಾಗ, ಅವರು ಟ್ಯೂಬಿಂಗನ್ನಿನಲ್ಲಿ 71 ವರುಷದವರಾಗಿ ಕರ್ತನಲ್ಲಿ ನಿದ್ರೆಹೋದರು. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ಧಾರವಾಡದ ಕಾಲೇಜಿಗೆ ಅವರ ಹೆಸರಿದೆ.

ಪ್ರಿಯರೇ, ಈ ಚರಿತ್ರೆಯನ್ನು ಓದಿ ಬಿಳಿಚೋಡು ಜಗಳೂರು ಸೀಮೆಯ ಹಳ್ಳಿಗಳಲ್ಲಿ ವಾಸಿಸುವ ನಾವು ನಮ್ಮ ಮನೆಗಳ ಹಬ್ಬವನ್ನು ಪರೀಕ್ಷಿಸಿಕೊಳ್ಳೋಣ. ಡಿಸೆಂಬರ್ ಬಂತೆಂದರೆ ನಾವು ನಕ್ಷತ್ರವನ್ನು ಕಟ್ಟುತ್ತೇವೆ, ಹೊಸ ಬಟ್ಟೆಯನ್ನು ತರುತ್ತೇವೆ, ಪೇಟೆಯಿಂದ ಕೇಕನ್ನೂ ಪ್ಲಾಸ್ಟಿಕ್ ಮರವನ್ನೂ ತರುತ್ತೇವೆ. ಇವು ಪಾಪವಲ್ಲ. ಆದರೆ ಇವು ಸತ್ಯವೇದದ ಆಜ್ಞೆಗಳೂ ಅಲ್ಲ. ಜನನದ ತಾರೀಖನ್ನೇ ಸುವಾರ್ತೆಗಳು ಹೇಳುವದಿಲ್ಲ. ಡಿಸೆಂಬರ್ 25ನ್ನು ಆಚರಿಸಿದ್ದಕ್ಕೆ ನಾಲ್ಕನೆಯ ಶತಮಾನದ ರೋಮ್ ಪಟ್ಟಣದಲ್ಲಿ ಆಧಾರ ಸಿಕ್ಕುತ್ತದೆ. ಮರವನ್ನು ಲೂಥರನೇ ಮೊದಲು ದೀಪಗಳಿಂದ ಅಲಂಕರಿಸಿದನೆಂದು ಹೇಳುವದುಂಟಾದರೂ ಅವನ ಕಾಲದ ಬರಹದಲ್ಲಿ ಅದಕ್ಕೆ ಆಧಾರವಿಲ್ಲ. ಆದಕಾರಣ ಮರವಿಲ್ಲದ ಮನೆಯಲ್ಲಿ ಹಬ್ಬವಿಲ್ಲವೆಂದು ಯಾರೂ ನಾಚಿಕೊಳ್ಳಬೇಕಾದದ್ದಿಲ್ಲ.

ನಾಚಿಕೊಳ್ಳಬೇಕಾದ ಸಂಗತಿಯೇ ಬೇರೆ. ಮಗುವು ಬಾಗಿಲಲ್ಲಿ ನಿಂತು, ಈ ನಕ್ಷತ್ರವನ್ನು ಯಾಕೆ ಕಟ್ಟಿದ್ದೀರಿ ಎಂದು ಕೇಳುವಾಗ ತಂದೆಗೆ ಉತ್ತರ ಬಾರದಿದ್ದರೆ, ಅಥವಾ ಪಾದ್ರಿಗಳನ್ನು ಕೇಳು ಎಂದು ಹೇಳಿ ಎದ್ದು ಹೋದರೆ, ಆ ಮನೆಯಲ್ಲಿ ನಕ್ಷತ್ರವು ಬರೀ ಕಾಗದ. ನಮ್ಮ ಅಜ್ಜ ಅಜ್ಜಿಯರು ಊರ ಹಬ್ಬವನ್ನು ಬಿಟ್ಟು ಬಂದಾಗ ನೆಂಟರಿಂದ ಎಷ್ಟೋ ಮಾತುಗಳನ್ನು ಕೇಳಿದರು. ಯಾಕೆ ಬಿಟ್ಟೆವೆಂಬುದನ್ನು ಅವರು ಬಲ್ಲರು. ನಾವು ಮಕ್ಕಳಿಗೆ ಬಟ್ಟೆ ಕೇಕುಗಳನ್ನು ಮಾತ್ರ ಕೊಟ್ಟು ಅರ್ಥವನ್ನು ಕೊಡದೆ ಹೋದರೆ, ಹಿರಿಯರು ಪಟ್ಟ ಕಷ್ಟವೆಲ್ಲಾ ಒಂದೇ ತಲೆಮಾರಿನಲ್ಲಿ ವ್ಯರ್ಥವಾಗುವದು.

ಹಾಗಾದರೆ ಏನು ಮಾಡೋಣ? ಮೊದಲನೆಯದಾಗಿ, ಹಬ್ಬದ ಹಿಂದಿನ ಸಾಯಂಕಾಲ ಟೆಲಿವಿಷನನ್ನೂ ಮೊಬೈಲನ್ನೂ ನಿಲ್ಲಿಸಿ, ದೀಪವನ್ನು ಹೊತ್ತಿಸಿ, ಮನೆಯವರೆಲ್ಲರೂ ಕೂತು ಲೂಕನ ಎರಡನೆಯ ಅಧ್ಯಾಯವನ್ನು ಓದಿರಿ. ಓದು ಬಾರದ ಮನೆಯಲ್ಲಿ ಶಾಲೆಗೆ ಹೋಗುವ ಮಗುವು ಓದಲಿ, ಅಜ್ಜಿಯು ವಿವರಿಸಲಿ. ಗೋದಲಿ ಎಂಬ ಮಾತು ಬಂದಾಗ ಸ್ವಲ್ಪ ನಿಲ್ಲಿರಿ. ಪಟ್ಟಣದ ಮಕ್ಕಳಿಗೆ ಅದನ್ನು ಚಿತ್ರದಲ್ಲಿ ತೋರಿಸಬೇಕು. ನಮ್ಮ ಮಕ್ಕಳು ಎದ್ದು ಹೋಗಿ ಕೈಯಿಂದ ಮುಟ್ಟಬಹುದು. ಎತ್ತು ಮೇವು ತಿನ್ನುವ ಆ ಜಾಗದಲ್ಲಿ, ದನಗಳ ಉಸಿರಿನ ಬಳಿಯಲ್ಲಿ, ಲೋಕರಕ್ಷಕನನ್ನು ಮಲಗಿಸಿದರೆಂದು ತಾಯಿಯು ತೋರಿಸಿ ಹೇಳಿದರೆ, ಆ ಮಗುವು ಸಾಯುವ ತನಕ ಅದನ್ನು ಮರೆಯದು. ದೇವರು ಬಡವರ ಮನೆಯನ್ನು ತಿರಸ್ಕರಿಸಲಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಕಲಿಸಬಹುದು?

ಎರಡನೆಯದಾಗಿ, ಹಾಡಿರಿ. ಸಭೆಯಲ್ಲಿ ಪಾಶ್ಚಾತ್ಯ ರಾಗಗಳನ್ನು ಹಾಡುವದು ಒಳ್ಳೇದು. ಆದರೆ ಮನೆಯಲ್ಲಿ ನಮ್ಮ ಸ್ತ್ರೀಯರಿಗೆ ಬರುವ ಪದದ ಧಾಟಿಯಲ್ಲಿ ಕರ್ತನ ಜನನವನ್ನು ಹಾಡುವದಕ್ಕೆ ಸಂಕೋಚ ಬೇಡ. ಜರ್ಮನ್ ದೇಶದವರು ನಮ್ಮ ಛಂದಸ್ಸನ್ನು ಕರ್ತನ ಸೇವೆಗೆ ಯೋಗ್ಯವೆಂದು ಎಣಿಸಿರಲಾಗಿ, ನಾವೇ ಅದನ್ನು ಹೀನವೆಂದು ಎಣಿಸಬಹುದೇ?

ಮೂರನೆಯದಾಗಿ, ಸಾಲ ಮಾಡಿ ಹಬ್ಬವನ್ನು ಮಾಡಬೇಡಿರಿ. ನಮ್ಮದು ಮಳೆ ಕಡಿಮೆಯಾದ ಸೀಮೆ. ಮೆಕ್ಕೆಜೋಳ ಕೈಗೆ ಬಂದ ವರುಷ ಉಂಟು, ಬಾರದ ವರುಷ ಉಂಟು. ಬಡ್ಡಿಗೆ ಹಣ ತಂದು ಕೊಂಡ ಬಟ್ಟೆಯು ಸಂಕ್ರಾಂತಿಯ ಹೊತ್ತಿಗೆ ಮಾಸುವದು, ಬಡ್ಡಿಯು ಮಾಸದು. ಇರುವದರಲ್ಲಿಯೇ ಒಂದು ತಟ್ಟೆಯನ್ನು ಪಕ್ಕದ ಮನೆಗೆ, ಅವರು ಯಾವ ಮತದವರಾದರೂ, ಮಕ್ಕಳ ಕೈಯಲ್ಲಿ ಕಳುಹಿಸಿರಿ. ಏನೂ ಸಿದ್ಧಮಾಡದವರಿಗೆ ಪಾಲನ್ನು ಕಳುಹಿಸಬೇಕೆಂಬುದು ನೆಹೆಮೀಯನ ಕಾಲದಿಂದ ಬಂದ ಹಬ್ಬದ ಕ್ರಮ.

ಕಡೆಯದಾಗಿ, ವರುಷದೊಳಗೆ ಸಾವು ಸಂಭವಿಸಿದ ಮನೆಯಲ್ಲಿ ಆ ವರುಷ ಹಬ್ಬವಿಲ್ಲವೆಂಬುದು ನಮ್ಮ ಕಡೆಯ ರೂಢಿ. ಸಿಹಿಯನ್ನು ಬಿಡಿರಿ, ಹೊಸ ಬಟ್ಟೆಯನ್ನು ಬಿಡಿರಿ. ಅದು ದುಃಖಕ್ಕೆ ಸಲ್ಲುವ ಮರ್ಯಾದೆ. ಆದರೆ ದೀಪವನ್ನೂ ಓದನ್ನೂ ಬಿಡಬೇಡಿರಿ. ಮರಣದ ನೆರಳಿನಲ್ಲಿ ಕೂತವರಿಗೋಸ್ಕರವೇ ಆ ಶಿಶುವು ಹುಟ್ಟಿತು. ಬೇರೆ ಮನೆಗಳಿಗಿಂತ ಆ ಮನೆಗೆ ಹಬ್ಬವು ಹೆಚ್ಚಾಗಿ ಬೇಕು. ಅಕ್ಕಪಕ್ಕದ ವಿಶ್ವಾಸಿಗಳು ಅಂದು ಅಲ್ಲಿಗೆ ಹೋಗಿ ಸಂಗಡ ಕೂತು ಓದಲಿ.

ಕಿಟ್ಟೆಲ್ ಪಾದ್ರಿಗಳು ಕನ್ನಡದ ಒಂದೊಂದು ಮಾತನ್ನೂ ಅರ್ಥ ಸಹಿತವಾಗಿ ಬರೆದಿಟ್ಟು, ಅದು ಕೆಡದಂತೆ ಮುಂದಿನವರಿಗೆ ಒಪ್ಪಿಸಿ ಹೋದರು. ನಾವು ಅಂಥ ದೊಡ್ಡ ಪುಸ್ತಕವನ್ನು ಬರೆಯಲಾರೆವು. ಆದರೂ ಕ್ರಿಸ್ಮಸ್ ಎಂಬ ಒಂದು ಮಾತಿನ ಅರ್ಥವನ್ನು ನಮ್ಮ ಮನೆಯ ಮಕ್ಕಳಿಗೆ ಒಪ್ಪಿಸಿ ಹೋಗುವದು ನಮ್ಮಿಂದ ಆಗದ ಕೆಲಸವಲ್ಲ. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಿಮ್ಮೆಲ್ಲರ ಕುಟುಂಬಗಳಿಗೆ ಅನುಗ್ರಹಿಸಲಿ. ಆಮೆನ್.