ಗುರುದತ್ ಕೂಡ ಮೊದಲು ಅಸಿಸ್ಟೆಂಟ್: ಸಿನಿಮಾ ಸೆಟ್‌ಗೆ ಕಾಲಿಡುವ ಹೊಸಬರು ತಿಳಿಯಬೇಕಾದ ಬದುಕು

ಮುಂಬೈನ ಗೋರೆಗಾಂವ್ ಇರಲಿ, ಚೆನ್ನೈನ ವಡಪಳನಿ ಇರಲಿ, ಹೈದರಾಬಾದ್‌ನ ರಾಮೋಜಿ ಫಿಲ್ಮ್ ಸಿಟಿ ಇರಲಿ, ಯಾವ ಸೆಟ್‌ಗೆ ಹೋದರೂ ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಮನೆಗೆ ಹೊರಡುವ ಒಂದು ಗುಂಪು ಕಾಣುತ್ತದೆ. ಅವರೇ ಅಸಿಸ್ಟೆಂಟ್‌ಗಳು. ಸಂಬಳ ಕಡಿಮೆ, ಬೈಗುಳ ಹೆಚ್ಚು, ಮುಂದೇನು ಎಂಬುದು ಗೊತ್ತಿಲ್ಲ. ಊರಿನಿಂದ ಅಪ್ಪ ಅಮ್ಮ ಫೋನ್ ಮಾಡಿ, ಇನ್ನೂ ಎಷ್ಟು ದಿನ ಹೀಗೆ ಎಂದು ಕೇಳುತ್ತಲೇ ಇರುತ್ತಾರೆ.

ಈ ಪ್ರಶ್ನೆಯನ್ನು ಎದುರಿಸುತ್ತಿರುವವರು ಒಮ್ಮೆ ಗುರುದತ್ ಅವರ ಬದುಕನ್ನು ನೋಡಬೇಕು. 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳ ಈ ನಿರ್ದೇಶಕ ಮೊದಲ ಚಿತ್ರ ಮಾಡುವ ಮುನ್ನ ಏಳು ವರ್ಷ ಕಾದಿದ್ದರು. ಅದರಲ್ಲಿ ಕೆಲಸವೇ ಇಲ್ಲದ ತಿಂಗಳುಗಳೂ ಇದ್ದವು.

ಬೆಂಗಳೂರಿನಲ್ಲಿ ಹುಟ್ಟು, ಕಲ್ಕತ್ತಾದಲ್ಲಿ ಬಾಲ್ಯ

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಕೊಂಕಣಿ ಮಾತನಾಡುವ ಪಡುಕೋಣೆ ಮನೆತನ. ಮೊದಲು ಇಟ್ಟ ಹೆಸರು ವಸಂತಕುಮಾರ್. ಬಾಲ್ಯದ ಬಹುಭಾಗ ಕಲ್ಕತ್ತಾದಲ್ಲಿ ಕಳೆಯಿತು. ಮನೆಯಲ್ಲಿ ಹಣದ ಅಡಚಣೆ ಇದ್ದುದರಿಂದ ಕಾಲೇಜು ಮೆಟ್ಟಿಲು ಹತ್ತಲಾಗಲಿಲ್ಲ. ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿಯೂ ಸ್ವಲ್ಪ ಕಾಲ ದುಡಿದರು.

ಅವರಿಗೆ ಸಿಕ್ಕ ನಿಜವಾದ ಶಿಕ್ಷಣ ಎಂದರೆ ಅಲ್ಮೋರಾದಲ್ಲಿದ್ದ ಉದಯ ಶಂಕರ್ ಅವರ ನೃತ್ಯ ಕೇಂದ್ರದ್ದು. ಸಿನಿಮಾಕ್ಕೂ ನೃತ್ಯಕ್ಕೂ ಏನು ಸಂಬಂಧ ಎಂದು ಆಗ ಯಾರಾದರೂ ಕೇಳಿದ್ದರೆ ಅವರ ಬಳಿಯೂ ಉತ್ತರ ಇರುತ್ತಿರಲಿಲ್ಲವೇನೋ. ಮುಂದೆ ಹಾಡುಗಳನ್ನು ಚಿತ್ರೀಕರಿಸುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ ಎನ್ನುವಂತಾಗಿದ್ದಕ್ಕೆ ಬುನಾದಿ ಬಿದ್ದದ್ದು ಅಲ್ಲೇ.

ಪುಣೆಯ ಪ್ರಭಾತ್‌ನಲ್ಲಿ ಮೂರು ವರ್ಷ

1944ರಲ್ಲಿ ಬಂಧುವೊಬ್ಬರ ನೆರವಿನಿಂದ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ಕೆಲಸ ಸಿಕ್ಕಿತು. ಇಂದು ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವ ಜಾಗವೇ ಅಂದಿನ ಪ್ರಭಾತ್ ಸ್ಟುಡಿಯೋ.

ಅಲ್ಲಿ ಗುರುದತ್ ಇದೊಂದೇ ನನ್ನ ಕೆಲಸ ಎಂದು ಕೂರಲಿಲ್ಲ. 'ಚಾಂದ್' ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದರು. 1945ರ 'ಲಾಖಾರಾಣಿ'ಯಲ್ಲಿ ನಟನೆಯ ಜೊತೆಗೆ ನಿರ್ದೇಶಕ ವಿಶ್ರಾಮ್ ಬೇಡೇಕರ್ ಅವರಿಗೆ ಸಹಾಯಕರಾದರು. 1946ರ 'ಹಮ್ ಏಕ್ ಹೈ' ಚಿತ್ರಕ್ಕೆ ಸಹಾಯಕ ನಿರ್ದೇಶಕರೂ ಹೌದು, ನೃತ್ಯ ನಿರ್ದೇಶಕರೂ ಹೌದು.

ಆ ಚಿತ್ರದ ನಾಯಕ ದೇವ್ ಆನಂದ್‌ಗೆ ಅದು ಮೊದಲ ಸಿನಿಮಾ. ಇಬ್ಬರ ಬಟ್ಟೆಯನ್ನೂ ಒಗೆಯುತ್ತಿದ್ದ ಅಗಸ ಶರ್ಟ್ ಅದಲುಬದಲು ಮಾಡಿದ್ದರಿಂದ ಪರಿಚಯವಾಯಿತು ಎಂಬ ಕಥೆ ಇಂದಿಗೂ ಚಿತ್ರರಂಗದಲ್ಲಿ ಪ್ರಸಿದ್ಧ. ಇಬ್ಬರೂ ಅಂದೇ ಮಾತು ಕೊಟ್ಟುಕೊಂಡರು: ದೇವ್ ನಿರ್ಮಾಪಕನಾದರೆ ಗುರುದತ್‌ಗೆ ನಿರ್ದೇಶನ, ಗುರುದತ್ ನಿರ್ದೇಶಕನಾದರೆ ದೇವ್ ನಾಯಕ.

ಕೈಯಲ್ಲಿ ಕೆಲಸವಿಲ್ಲದ ದಿನಗಳು

1947ರಲ್ಲಿ ಕರಾರು ಮುಗಿಯಿತು. ಮುಂಬೈನ ಮಾಟುಂಗಾದಲ್ಲಿ ಮನೆಯವರ ಜೊತೆ ಹತ್ತಿರ ಹತ್ತು ತಿಂಗಳು ನಿರುದ್ಯೋಗಿಯಾಗಿ ಕೂತರು. 22ರ ವಯಸ್ಸು. ಆ ಹೊತ್ತಿನಲ್ಲಿ ಅವರು ಬರೆಯಲು ಶುರು ಮಾಡಿದರು. ಇಂಗ್ಲಿಷ್ ವಾರಪತ್ರಿಕೆಗೆ ಸಣ್ಣ ಕಥೆ ಬರೆದರು. ಜಗತ್ತಿಗೆ ಬೇಡವಾದ ಕಲಾವಿದನೊಬ್ಬನ ಕಥೆಯನ್ನು 'ಕಶ್ಮಕಶ್' ಎಂಬ ಹೆಸರಿನಲ್ಲಿ ಬರೆದಿಟ್ಟರು. ಅದೇ ಕಥೆ ಮುಂದೆ 1957ರಲ್ಲಿ 'ಪ್ಯಾಸಾ' ಆಯಿತು. ಕೆಲಸವಿಲ್ಲದ ಆ ತಿಂಗಳುಗಳು ಹತ್ತು ವರ್ಷದ ನಂತರ ಫಲ ಕೊಟ್ಟವು.

ಆಮೇಲೆ ಮತ್ತೆ ಸಹಾಯಕನ ಕೆಲಸ. 1949ರ 'ಗರ್ಲ್ಸ್ ಸ್ಕೂಲ್'ನಲ್ಲಿ ಅಮಿಯ ಚಕ್ರವರ್ತಿ ಅವರ ಜೊತೆ, 1950ರ 'ಸಂಗ್ರಾಮ್'ನಲ್ಲಿ ಜ್ಞಾನ್ ಮುಖರ್ಜಿ ಅವರ ಜೊತೆ. ಇವರು 'ಕಿಸ್ಮತ್'ನಂಥ ಭಾರಿ ಯಶಸ್ಸಿನ ಚಿತ್ರ ಕೊಟ್ಟವರು. ಅಪರಾಧದ ಕಥೆಯನ್ನು ಜನ ಮೆಚ್ಚುವಂತೆ ಹೇಳುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ದೇವ್ ಆನಂದ್ ಮಾತು ಮರೆಯಲಿಲ್ಲ. ತಮ್ಮ ನವಕೇತನ್ ಸಂಸ್ಥೆಯಿಂದ 1951ರಲ್ಲಿ 'ಬಾಝಿ' ಚಿತ್ರದ ನಿರ್ದೇಶನ ಕೊಟ್ಟರು. ಅದೂ ಅಪರಾಧದ ಕಥೆಯೇ. ಚಿತ್ರ ಗೆದ್ದಿತು. ಸ್ನೇಹದಿಂದ ಅವಕಾಶ ಸಿಕ್ಕಿತು ನಿಜ, ಆದರೆ ಅದನ್ನು ಉಳಿಸಿಕೊಟ್ಟದ್ದು ಆ ಏಳು ವರ್ಷದ ಕಲಿಕೆ.

ತಾನು ಹತ್ತಿದ ಏಣಿಯನ್ನು ಒದೆಯಲಿಲ್ಲ

ಗುರುದತ್ ಬದುಕಿನಲ್ಲಿ ಹೊಸಬರು ಗಮನಿಸಬೇಕಾದ ಇನ್ನೊಂದು ಸಂಗತಿ, ಅವರು ತಮ್ಮ ಕೈಕೆಳಗಿನವರನ್ನು ನೋಡಿದ ರೀತಿ.

'ಬಾಝಿ' ಸೆಟ್‌ನಲ್ಲಿ ಕ್ಯಾಮೆರಾ ವಿಭಾಗದ ಸಹಾಯಕರಲ್ಲಿ ಮೈಸೂರಿನ ವಿ.ಕೆ. ಮೂರ್ತಿ ಎಂಬ ಯುವಕ ಇದ್ದರು. ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಬಂದವರು. ಕಷ್ಟದ ಶಾಟ್ ಒಂದನ್ನು ತಾನು ತೆಗೆದುಕೊಡಬಲ್ಲೆ ಎಂದು ಮೂರ್ತಿ ಮುಂದೆ ಬಂದರು, ಅವಕಾಶ ಸಿಕ್ಕಿತು, ಶಾಟ್ ಸರಿಬಂತು. ಮುಂದಿನ ಚಿತ್ರ 'ಜಾಲ್'ಗೆ ಮೂರ್ತಿ ಅವರೇ ಛಾಯಾಗ್ರಾಹಕ. ಅಲ್ಲಿಂದ 'ಪ್ಯಾಸಾ', 'ಕಾಗಜ್ ಕೆ ಫೂಲ್'ವರೆಗೆ ಈ ಜೋಡಿ ಕಪ್ಪು ಬಿಳುಪಿನಲ್ಲಿ ಮಾಡಿದ್ದನ್ನು ಇಂದಿಗೂ ಪಾಠವಾಗಿ ಕಲಿಸುತ್ತಾರೆ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಎನಿಸಿಕೊಂಡದ್ದೂ ಇದೇ ಮೂರ್ತಿ.

ಅಸಿಸ್ಟೆಂಟ್ ಆಗಿದ್ದ ರಾಜ್ ಖೋಸ್ಲಾಗೆ 1956ರಲ್ಲಿ 'ಸಿಐಡಿ' ನಿರ್ದೇಶನವನ್ನು ಗುರುದತ್ ವಹಿಸಿದರು. 'ಬಾಝ್' ಸೆಟ್‌ನಲ್ಲಿ ಸಂಭಾಷಣೆಯ ಬಗ್ಗೆ ಸಲಹೆ ಕೊಟ್ಟ ಅಬ್ರಾರ್ ಅಲ್ವಿ ಮೊದಲು ಬರಹಗಾರರಾದರು, ಆಮೇಲೆ 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ನಿರ್ದೇಶಕರಾದರು.

ಗೆಲುವೇ ಎಲ್ಲವೂ ಅಲ್ಲ

ಈ ಕಥೆಗೆ ಸುಖದ ಮುಕ್ತಾಯವಿಲ್ಲ. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸೋತ ನಿರ್ದೇಶಕನೊಬ್ಬನ ಕಥೆ. ಅದೂ ಸೋತಿತು. ಮತ್ತೆಂದೂ ಗುರುದತ್ ನಿರ್ದೇಶಕ ಎಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ನಿರ್ಮಾಣ ಮತ್ತು ನಟನೆ ಮುಂದುವರಿಸಿದರು. 1964ರ ಅಕ್ಟೋಬರ್ 10ರಂದು ಮುಂಬೈನಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 39. ಅಂದು ಸೋತ ಆ ಚಿತ್ರವನ್ನು ಜಗತ್ತು ಮೆಚ್ಚಿಕೊಂಡದ್ದನ್ನು ನೋಡಲು ಅವರಿರಲಿಲ್ಲ.

ಸೆಟ್‌ಗೆ ಹೊಸದಾಗಿ ಹೋಗುವವರಿಗೆ ಇದರಲ್ಲಿ ಎರಡೂ ಇದೆ. ನಿಮ್ಮ ವಿಭಾಗದ್ದಲ್ಲದ ಕೆಲಸವನ್ನೂ ಕಲಿಯಿರಿ, ಜೊತೆಗಿರುವ ಹೊಸಬರನ್ನು ಕಡೆಗಣಿಸಬೇಡಿ, ಕೆಲಸವಿಲ್ಲದ ದಿನ ಏನಾದರೂ ಬರೆದಿಡಿ. ಹಾಗೆಯೇ ಒಂದು ಸಿನಿಮಾದ ಸೋಲು ಗೆಲುವಿನ ಮೇಲೆ ಇಡೀ ಬದುಕನ್ನು ಪಣಕ್ಕಿಡಬೇಡಿ. ಗುರುದತ್ ಕಲಿಸಿಹೋದ ಮೂರ್ತಿ, ಖೋಸ್ಲಾ, ಅಲ್ವಿ ಅವರ ನಂತರವೂ ವರ್ಷಗಟ್ಟಲೆ ದುಡಿದರು. ಮುಂದಿನ ಬಾರಿ ಸೆಟ್‌ನಲ್ಲಿ ಯಾರಾದರೂ ನಿಮ್ಮನ್ನು ಬರೀ ಅಸಿಸ್ಟೆಂಟ್ ಎಂದರೆ, ಈ ಹೆಸರುಗಳನ್ನು ನೆನಪು ಮಾಡಿಕೊಳ್ಳಿ.